ನಿಮ್ಮದೇ ಊರನ್ನು ಪ್ರವಾಸಿಯ ಹಾಗೆ ಸುತ್ತುವುದು ಹೇಗೆ: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ರಜೆಯ ದಿನ ಬೆಳಿಗ್ಗೆ ಹುರುಪಿನಿಂದ ಹೊರಡುತ್ತಾರೆ. ಹನ್ನೊಂದು ಗಂಟೆಗೆಲ್ಲ ಮನೆಗೆ ವಾಪಸ್. "ಹೊಸದೇನೂ ಕಾಣಲಿಲ್ಲ, ಎಲ್ಲಾ ನೋಡಿದ್ದೇ" ಅನ್ನುತ್ತಾರೆ. ಸ್ವಂತ ಊರನ್ನು ಪ್ರವಾಸಿಯ ಹಾಗೆ ಸುತ್ತಲು ಹೋದವರಿಂದ ನಾನು ಜಾಸ್ತಿ ಕೇಳಿರುವ ಮಾತು ಇದೇ. ಎರಡು ಮೂರು ಸಲ ಹೀಗಾದ ಮೇಲೆ ಕೈಬಿಡುತ್ತಾರೆ.

ಅವರಿಗೆ ಆಸಕ್ತಿ ಕಮ್ಮಿ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ಕ್ರಮ ತಪ್ಪಿತ್ತು. 'ನೋಡಲೇಬೇಕಾದ ಹತ್ತು ಜಾಗ' ಅನ್ನುವ ಪಟ್ಟಿ ಹಿಡಿದು, ದಿನಾ ಓಡಾಡುವ ದಾರಿಯಲ್ಲೇ, ದಿನಾ ಹೋಗುವ ಗಾಡಿಯಲ್ಲೇ, ದಿನಾ ಹೋಗುವ ಹೊತ್ತಿಗೇ ಹೋದರೆ ದಿನಾ ಕಾಣುವುದೇ ಕಾಣುತ್ತದೆ.

ಪದೇ ಪದೇ ನೋಡಿದ ವಸ್ತುವನ್ನು ಮನಸ್ಸು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. 1979ರಲ್ಲಿ ರೇಮಂಡ್ ನಿಕರ್ಸನ್ ಮತ್ತು ಮೆರಿಲಿನ್ ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಜನರಿಗೆ ಅವರ ದೇಶದ ಒಂದು ಸೆಂಟ್ ನಾಣ್ಯವನ್ನು ನೆನಪಿನಿಂದಲೇ ಬಿಡಿಸಲು ಹೇಳಿದರು. ಜೀವನವಿಡೀ ಕೈಯಲ್ಲಿ ಹಿಡಿದ ನಾಣ್ಯ, ಆದರೂ ಹೆಚ್ಚಿನವರಿಗೆ ಅದರ ಮೇಲೆ ಏನೇನಿದೆ, ಯಾವ ಕಡೆ ಇದೆ ಅಂತ ಸರಿಯಾಗಿ ಹೇಳಲು ಆಗಲಿಲ್ಲ. ಅದು ನಾಣ್ಯ ಅಂತ ಗೊತ್ತಾಗಲು ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡಿದ್ದರು. ನಮ್ಮ ಊರನ್ನೂ ನಾವು ಹಾಗೇ ಇಟ್ಟುಕೊಂಡಿದ್ದೇವೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ತಲುಪಲು ಎಷ್ಟು ಬೇಕೋ ಅಷ್ಟು.

ಹೊರಗಿನಿಂದ ಬಂದವನಿಗೆ ಮೂರು ಅನುಕೂಲ ಇರುತ್ತದೆ. ಅವನ ಹತ್ತಿರ ಇರುವುದು ಒಂದೆರಡು ದಿನ ಮಾತ್ರ. ಅವನಿಗೆ ಆ ಊರಿನಲ್ಲಿ ಬೇರೆ ಯಾವ ಕೆಲಸವೂ ಇರುವುದಿಲ್ಲ. ಮತ್ತೆ, ಅವನಿಗೆ ದಾರಿ ಗೊತ್ತಿರುವುದಿಲ್ಲ. ಈ ಮೂರನ್ನೂ ನಾವು ಬೇಕಂತಲೇ ಹುಟ್ಟಿಸಿಕೊಳ್ಳಬೇಕು. ಕೆಳಗಿನ ಹಂತಗಳೆಲ್ಲ ಇರುವುದು ಇದಕ್ಕಾಗಿಯೇ. ಕ್ರಮ ಬದಲಿಸಬೇಡಿ, ಅದರಲ್ಲೂ ಮೊದಲ ಎರಡನ್ನು ಹಾರಿಸಿ ನೇರ ಬೀದಿಗೆ ಇಳಿಯಬೇಡಿ.

ಬೇಕಾಗುವ ಸಾಮಾನು

ಒಂದಿಷ್ಟು ಬಿಳಿ ಹಾಳೆ, ಎರಡು ಬಣ್ಣದ ಪೆನ್ನು, ಜೇಬಿಗೆ ಹಿಡಿಸುವ ಪುಸ್ತಕ, ಪೆನ್ಸಿಲ್. ನಿಮ್ಮ ಊರಿನ ನಕ್ಷೆಯ ಪ್ರಿಂಟ್ ಒಂದು. ಓಪನ್‌ಸ್ಟ್ರೀಟ್‌ಮ್ಯಾಪ್ ತಾಣದಿಂದ ಪುಕ್ಕಟೆಯಾಗಿ ತೆಗೆಯಬಹುದು. ಸಣ್ಣ ಟಾರ್ಚ್, ಹಗಲಾದರೂ ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ. ನೀರು, ಟೋಪಿ, ಈಗಾಗಲೇ ಕಾಲಿಗೆ ಒಗ್ಗಿದ ಚಪ್ಪಲಿ ಅಥವಾ ಶೂ. ಹೊಸ ಶೂ ಹಾಕಿಕೊಂಡು ಹೋದರೆ ಎರಡನೇ ಗಂಟೆಗೆ ನಿಮ್ಮ ಗಮನವೆಲ್ಲ ಹಿಮ್ಮಡಿಯ ಗುಳ್ಳೆಯ ಮೇಲೆ ಇರುತ್ತದೆ.

ಫೋನ್ ಇರಲಿ, ಚೀಲದೊಳಗೆ. ದುಬಾರಿ ಕ್ಯಾಮೆರಾ ಬೇಡ. ದುರ್ಬೀನು ಇದ್ದರೆ ಒಳ್ಳೆಯದು, ಗೋಪುರ, ಮಹಡಿ, ಸೂರಿನ ಅಂಚು ನೋಡಲು ಬಹಳ ಉಪಯೋಗ.

ಹಂತ 1: ನೆನಪಿನಿಂದ ನಕ್ಷೆ ಬಿಡಿಸಿ

ಹೊರಡುವ ನಾಲ್ಕೈದು ದಿನ ಮುಂಚೆ ಒಂದು ಹಾಳೆ ತೆಗೆದುಕೊಂಡು ಕೂತುಕೊಳ್ಳಿ. ಫೋನ್ ನೋಡದೆ ನಿಮ್ಮ ಊರಿನ ನಕ್ಷೆ ಬಿಡಿಸಿ. ಇಪ್ಪತ್ತು ನಿಮಿಷ ಸಾಕು. ಚಿತ್ರ ಚೆನ್ನಾಗಿರಬೇಕಾಗಿಲ್ಲ.

ಇದು ಸುಮ್ನೆ ಕಾಲ ಕಳೆಯುವ ಆಟ ಅಲ್ಲ. ನಗರ ಯೋಜನೆ ಓದಿಸುವವರು ಇದನ್ನು ನಿಜವಾಗಿ ಬಳಸುತ್ತಾರೆ. ಕೆವಿನ್ ಲಿಂಚ್ ಎಂಬುವರು ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್ ಊರುಗಳ ಜನರಿಂದ ಹೀಗೆ ನಕ್ಷೆ ಬಿಡಿಸಿ, 1960ರಲ್ಲಿ ಅದರ ಫಲ ಪ್ರಕಟಿಸಿದರು. ಜನ ಊರನ್ನು ಐದು ಬಗೆಯ ತುಂಡುಗಳಾಗಿ ನೆನಪಿಡುತ್ತಾರೆ ಅಂತ ಅವರು ಕಂಡುಕೊಂಡರು: ದಾರಿಗಳು, ಅಂಚುಗಳು, ಬಡಾವಣೆಗಳು, ಕೂಡುವ ಜಾಗಗಳು, ಹೆಗ್ಗುರುತುಗಳು. ನಿಮ್ಮ ಹಾಳೆಯಲ್ಲೂ ಈ ಐದನ್ನೂ ಗುರುತು ಹಾಕಿ. ಅಂಚು ಅಂದರೆ ಹೊಳೆ, ರೈಲು ಹಳಿ, ಉದ್ದದ ಕಾಂಪೌಂಡ್ ಗೋಡೆ, ದಾಟಲಾಗದ ದೊಡ್ಡ ರಸ್ತೆ, ಹೀಗೆ ಊರನ್ನು ಕತ್ತರಿಸುವ ಯಾವುದಾದರೂ ಸರಿ.

ಈಗ ಪ್ರಿಂಟ್ ಮಾಡಿದ ನಕ್ಷೆ ಪಕ್ಕದಲ್ಲಿಡಿ. ಕಳೆದ ಒಂದು ತಿಂಗಳಲ್ಲಿ ನೀವು ನಿಜವಾಗಿ ಹೋದ ರಸ್ತೆಗಳನ್ನು ಕೆಂಪು ಪೆನ್ನಿನಿಂದ ತಿದ್ದಿ. ಕಳೆದ ಒಂದು ವರ್ಷದಲ್ಲಿ ಹೋದವನ್ನು ನೀಲಿಯಿಂದ. ಬಹಳ ಜನ ಇಲ್ಲಿ ಪೆನ್ನು ಕೆಳಗಿಟ್ಟು ಸುಮ್ಮನಾಗುತ್ತಾರೆ. ಊರೆಲ್ಲ ಗೊತ್ತು ಅಂದುಕೊಂಡಿದ್ದವರ ಹಾಳೆಯ ಮೇಲೆ ನಾಲ್ಕೈದು ಗೆರೆ ಬಿದ್ದಿರುತ್ತದೆ. ಉಳಿದದ್ದೆಲ್ಲ ಬಿಳಿ.

ಇಲ್ಲಿ ಆಗುವ ತಪ್ಪು ಒಂದೇ: ಮೊದಲೇ ಫೋನಿನ ನಕ್ಷೆ ನೋಡಿಬಿಡುವುದು. ಒಮ್ಮೆ ನೋಡಿದರೆ ನೆನಪಿನ ನಕ್ಷೆ ಕೆಟ್ಟಿತು, ಮತ್ತೆ ಬಿಡಿಸಿ ಪ್ರಯೋಜನ ಇಲ್ಲ.

ಹಂತ 2: ಒಂದೇ ಚೌಕ ಆರಿಸಿ

ನಕ್ಷೆಯ ಮೇಲೆ ಒಂದು ಚದರ ಕಿಲೋಮೀಟರಿನ ಚೌಕ ಎಳೆಯಿರಿ. ಪೂರ್ತಿ ಬಿಳಿ ಇರುವ ಜಾಗ ಬೇಡ, ಪೂರ್ತಿ ಕೆಂಪು ಇರುವುದೂ ಬೇಡ. ಒಂದು ಕೆಂಪು ಗೆರೆ ಹಾದು ಹೋಗುವ, ಅದರ ಎರಡೂ ಪಕ್ಕ ಬಿಳಿ ಇರುವ ಜಾಗ ಹುಡುಕಿ. ಅಂದರೆ ನೀವು ದಿನಾ ದಾಟುವ, ಆದರೆ ಎಂದೂ ಬಲಕ್ಕೋ ಎಡಕ್ಕೋ ತಿರುಗದ ಜಾಗ. ಅಲ್ಲೇ ಜಾಸ್ತಿ ಸಿಗುವುದು. ಗೊತ್ತಿರುವ ಗೆರೆ ಪಕ್ಕದಲ್ಲೇ ಇರುವುದರಿಂದ ಕಂಡಿದ್ದೆಲ್ಲ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. "ಓ, ಈ ಗಲ್ಲಿ ಅಲ್ಲಿಗೆ ಬರುತ್ತಾ" ಅನ್ನುವ ಮಾತು ಬಾಯಲ್ಲಿ ಬರುವುದು ಇಂಥ ಕಡೆಯೇ.

ಒಂದು ಚದರ ಕಿಲೋಮೀಟರ್ ಕಮ್ಮಿ ಆಯ್ತು ಅಂತ ಎಲ್ಲರಿಗೂ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಮಾಮೂಲಿ ನಡಿಗೆ ಗಂಟೆಗೆ ನಾಲ್ಕರಿಂದ ಐದು ಕಿಲೋಮೀಟರ್. ನಿಂತು, ನೋಡಿ, ಬರೆದು, ಮಾತಾಡಿ ಹೋದರೆ ಒಂದೂವರೆ ಕಿಲೋಮೀಟರ್ ದಾಟುವುದಿಲ್ಲ. ನಾಲ್ಕು ಗಂಟೆಗೆ ಆರು ಕಿಲೋಮೀಟರ್. ಒತ್ತೊತ್ತಾದ ಹಳೇ ಬೀದಿಗಳಿದ್ದರೆ ಒಂದು ಚೌಕದೊಳಗೇ ಅದಕ್ಕಿಂತ ಜಾಸ್ತಿ ಉದ್ದದ ದಾರಿ ಇರುತ್ತದೆ.

ಹಂತ 3: ಹೊತ್ತು ಗೊತ್ತು ಮಾಡಿ

ನೀವು ಎಂದೂ ಹೋಗದ ಹೊತ್ತಿಗೆ ಹೋಗಿ. ಸಂಜೆ ಮಾತ್ರ ನೋಡಿದ ಬೀದಿಗೆ ಬೆಳಗಿನ ಆರು ಗಂಟೆಗೆ, ರಜೆಯಲ್ಲಿ ಮಾತ್ರ ನೋಡಿದ ಜಾಗಕ್ಕೆ ಕೆಲಸದ ದಿನ.

ಬೆಳಗಿನ ಮೊದಲ ಒಂದೂವರೆ ಗಂಟೆ, ಸಂಜೆಯ ಕೊನೆಯ ಒಂದೂವರೆ ಗಂಟೆ ನನ್ನ ಆಯ್ಕೆ. ಬೆಳಕು ಓರೆಯಾಗಿ ಬಿದ್ದಾಗ ಗೋಡೆಯ ಮೇಲಿನ ಸಣ್ಣ ಉಬ್ಬು ತಗ್ಗಿಗೂ ನೆರಳು ಬರುತ್ತದೆ. ಬೇರೆ ಹೊತ್ತಿನಲ್ಲಿ ಬರೀ ಚಪ್ಪಟೆ ಗೋಡೆಯಾಗಿ ಕಾಣುವುದರ ಮೇಲೆ ಆಗ ಸವೆದ ಕೆತ್ತನೆ, ಮುಚ್ಚಿದ ಕಿಟಕಿಯ ಚೌಕಟ್ಟು, ಬಣ್ಣದಡಿ ಉಳಿದ ಅಕ್ಷರ ಎದ್ದು ಕಾಣುತ್ತವೆ. ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಬೆಳಿಗ್ಗೆ, ಪಶ್ಚಿಮದ್ದಕ್ಕೆ ಸಂಜೆ ಬೆಳಕು ನೇರವಾಗಿ ಬೀಳುತ್ತದೆ, ಹಾಗಾಗಿ ಈ ನೆರಳಿಗೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿದವನ್ನು ನೋಡಿ. ನಕ್ಷೆಯ ಮೇಲೆ ಮೊದಲೇ ಗುರುತು ಮಾಡಿಕೊಂಡರೆ ದಾರಿ ತಾನಾಗೇ ತೀರ್ಮಾನವಾಗುತ್ತದೆ.

ನಿಮ್ಮ ಚೌಕದಲ್ಲಿ ಮ್ಯೂಸಿಯಂ, ಗ್ರಂಥಾಲಯ ಇದ್ದರೆ ರಜೆ ಯಾವಾಗ ಅಂತ ಫೋನ್ ಮಾಡಿ ಕೇಳಿ. ಹಲವು ದೇಶಗಳಲ್ಲಿ ಮ್ಯೂಸಿಯಂಗಳು ಸೋಮವಾರ ಬಾಗಿಲು ತೆರೆಯುವುದಿಲ್ಲ.

ಹಂತ 4: ಆ ದಿನ ಊರಲ್ಲಿಲ್ಲ ಅಂತ ಹೇಳಿಬಿಡಿ

ಎಲ್ಲಕ್ಕಿಂತ ಜಾಸ್ತಿ ಜನ ಸೋಲುವುದು ಇಲ್ಲಿ. ಹೊರಡುವಾಗ ಮನೆಯವರು "ಹೇಗೂ ಆ ಕಡೆ ಹೋಗ್ತಿದ್ದೀಯಲ್ಲ, ಬರ್ತಾ ಈ ಕವರ್ ಕೊಟ್ಟು ಬಾ" ಅನ್ನುತ್ತಾರೆ. ಒಂದು ಕವರ್, ಅಷ್ಟೇ. ಆದರೆ ಆ ಕವರ್ ಚೀಲಕ್ಕೆ ಬಿದ್ದ ಕ್ಷಣದಿಂದ ನೀವು ಕೆಲಸಕ್ಕೆ ಹೊರಟವರು. ಮನಸ್ಸು ಹತ್ತಿರದ ದಾರಿ ಹುಡುಕುತ್ತದೆ, ಕಾಲು ಚುರುಕಾಗುತ್ತದೆ, ಕಣ್ಣು ಮುಚ್ಚುತ್ತದೆ.

ನಾಲ್ಕು ದಿನ ಮುಂಚೆಯೇ ಮನೆಯಲ್ಲಿ ಹೇಳಿ, ಆ ದಿನ ನಾನು ಊರಲ್ಲಿಲ್ಲ ಅಂದುಕೊಳ್ಳಿ ಅಂತ. ಆಫೀಸಿಗೂ ಹಾಗೇ ಹೇಳಿ. ಬಿಲ್ ಕಟ್ಟುವುದು, ಚಪ್ಪಲಿ ಹೊಲಿಸುವುದು, ಯಾರನ್ನೋ ನೋಡಿ ಬರುವುದು, ಒಂದೂ ಬೇಡ. ಹಿಂದಿನ ರಾತ್ರಿಯೇ ಚೀಲ ತುಂಬಿಸಿಡಿ, ಊರಿಗೆ ಹೋಗುವಾಗ ತುಂಬಿಸುತ್ತೀರಲ್ಲ, ಹಾಗೆ. ಒಬ್ಬರಿಗೆ ಮಾತ್ರ ಯಾವ ಚೌಕಕ್ಕೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ತಿಳಿಸಿ.

ಜೊತೆಗೆ ಯಾರು? ಮೊದಲ ಸಲ ಒಬ್ಬರೇ ಹೋಗಿ. ಇಬ್ಬರಾದರೆ ಹರಟೆ ಶುರುವಾಗುತ್ತದೆ, ಬೀದಿ ಹಿಂದೆ ಸರಿಯುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿದ್ದರೆ ಮಾತು ಬೇರೆ. ಅವರ ಕಣ್ಣಿನ ಎತ್ತರ ಬೇರೆ, ಅವರು ಕೇಳುವ ಪ್ರಶ್ನೆಗಳು ಬೇರೆ. ಅವರನ್ನು ಖಂಡಿತ ಕರೆದುಕೊಂಡು ಹೋಗಿ, ದಾರಿ ಅವರೇ ಆರಿಸಲಿ.

ಹಂತ 5: ಊರಿಗೆ 'ಬಂದಿಳಿಯಿರಿ'

ಮನೆ ಬಾಗಿಲಿನಿಂದ ನಡಿಗೆ ಶುರು ಮಾಡಬೇಡಿ. ಚೌಕದ ಒಂದು ಮೂಲೆಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಇಳಿಯಿರಿ. ನೀವು ಮಾಮೂಲಾಗಿ ಬರುವ ದಿಕ್ಕಿಗೆ ವಿರುದ್ಧ ದಿಕ್ಕಿನಿಂದ ಬಂದರೆ ಇನ್ನೂ ಒಳ್ಳೆಯದು. ಒಂದೇ ರಸ್ತೆಯನ್ನು ಎದುರು ದಿಕ್ಕಿನಿಂದ ನೋಡಿದರೆ ಅದೇ ರಸ್ತೆ ಅಂತ ಒಂದು ಕ್ಷಣ ಗುರುತೇ ಸಿಗುವುದಿಲ್ಲ.

ಇಳಿದ ಮೇಲೆ ಹದಿನೈದು ನಿಮಿಷ ಎಲ್ಲಾದರೂ ಕೂತುಕೊಳ್ಳಿ. ನಡೆಯಬೇಡಿ. ಕಾಣುವ ಫಲಕಗಳನ್ನು ಒಂದೊಂದಾಗಿ, ಪೂರ್ತಿ ಓದಿ. ಕೇಳುವ ಶಬ್ದಗಳನ್ನು ಪುಸ್ತಕದಲ್ಲಿ ಬರೆಯಿರಿ, ಮೂಗಿಗೆ ಬರುವ ವಾಸನೆಯನ್ನೂ ಬರೆಯಿರಿ. ಮೊದಲ ಐದು ನಿಮಿಷ ಬೇಜಾರಾಗುತ್ತದೆ, ಎದ್ದು ಹೋಗಬೇಕು ಅನ್ನಿಸುತ್ತದೆ. ಏಳಬೇಡಿ. ಮನೆಯ ವೇಗ ಮೈಯಿಂದ ಇಳಿಯಲು ಅಷ್ಟು ಹೊತ್ತು ಬೇಕೇ ಬೇಕು.

ಹಂತ 6: ನಡೆಯುವಾಗ ಏನನ್ನು ನೋಡಬೇಕು

ಈ ಹಂತಕ್ಕೆ ಮುಕ್ಕಾಲು ದಿನ ಕೊಡಿ. ದಾರಿ ಆರಿಸಲು ಒಂದೇ ನಿಯಮ: ತಿರುವು ಬಂದಾಗಲೆಲ್ಲ ಗೊತ್ತಿಲ್ಲದ ಕಡೆಗೆ ತಿರುಗಿ. ಎರಡೂ ಗೊತ್ತಿಲ್ಲದಿದ್ದರೆ ಸಣ್ಣದನ್ನು ಆರಿಸಿ. ಚೌಕದ ಗೆರೆ ಮುಟ್ಟಿದರೆ ಒಳಗೆ ವಾಪಸ್ ಬನ್ನಿ. 1950ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಗಿ ದೆಬೋರ್ ಎಂಬ ಲೇಖಕರು ಮತ್ತು ಅವರ ಗೆಳೆಯರು ಹೀಗೆ ಗುರಿ ಇಲ್ಲದೆ, ಬೀದಿ ಎಳೆದ ಕಡೆ ಹೋಗುವುದನ್ನು ಒಂದು ಪದ್ಧತಿಯಾಗಿಯೇ ನಡೆಸಿದ್ದರು. ನಮಗೆ ಅದರಲ್ಲಿ ಬೇಕಾಗಿರುವುದು ಇಷ್ಟೇ: ತಲುಪಬೇಕಾದ ಜಾಗ ಇಲ್ಲದಿದ್ದರೆ ಕಣ್ಣಿಗೆ ಬಿಡುವು ಸಿಗುತ್ತದೆ.

ಬರೀ "ಸುತ್ತಮುತ್ತ ನೋಡಿ" ಅಂದರೆ ಯಾರಿಗೂ ಏನೂ ಕಾಣುವುದಿಲ್ಲ. ಹಾಗಾಗಿ ಎಲ್ಲಿ ನೋಡಬೇಕು ಅಂತ ಹೇಳುತ್ತೇನೆ.

*ಮೊದಲ ಮಹಡಿಯ ಮೇಲೆ.* ಅಂಗಡಿಗಳ ಫಲಕ ಬದಲಾಗುತ್ತದೆ, ಗಾಜು ಬದಲಾಗುತ್ತದೆ, ಬಾಗಿಲು ಬದಲಾಗುತ್ತದೆ. ಮೇಲಿನ ಮಹಡಿಗೆ ಖರ್ಚು ಮಾಡುವವರು ಕಮ್ಮಿ. ಹಾಗಾಗಿ ಕಟ್ಟಿದ ಇಸವಿ, ಕಟ್ಟಿಸಿದವರ ಹೆಸರು, ಹಳೇ ಜಾಹೀರಾತಿನ ಮಾಸಿದ ಬಣ್ಣ ಉಳಿದಿರುವುದು ಅಲ್ಲೇ. ರಸ್ತೆಯ ಈ ಬದಿಯಲ್ಲಿ ನಿಂತು ಆ ಬದಿಯ ಕಟ್ಟಡದ ನೆತ್ತಿ ನೋಡಿ. ನಡೆಯುತ್ತಾ ನೋಡಬೇಡಿ. ನಿಂತು ನೋಡಿ, ಇಲ್ಲದಿದ್ದರೆ ಬೀಳುತ್ತೀರಿ.

*ಕಾಲಿನ ಕೆಳಗೆ.* ಹೊಸ್ತಿಲು ರಸ್ತೆಗಿಂತ ಮೇಲಿದೆಯಾ ಕೆಳಗಿದೆಯಾ? ಒಳಗೆ ಹೋಗಲು ಮೆಟ್ಟಿಲು ಇಳಿಯಬೇಕಾದ ಮನೆ ಕಂಡರೆ, ಮನೆ ಕಟ್ಟಿದಾಗ ರಸ್ತೆ ಅಷ್ಟು ಎತ್ತರ ಇರಲಿಲ್ಲ ಅನ್ನುವ ಸಾಧ್ಯತೆ ಜಾಸ್ತಿ. ಹಳೇ ಡಾಂಬರಿನ ಮೇಲೆ ಹೊಸದು, ಅದರ ಮೇಲೆ ಇನ್ನೊಂದು ಪದರ, ಹೀಗೆ ರಸ್ತೆ ಮೇಲೇರುತ್ತಾ ಹೋಗುತ್ತದೆ. ಚರಂಡಿ ಮುಚ್ಚಳಗಳ ಮೇಲೆ ಎರಕ ಹೊಯ್ದ ಕಾರ್ಖಾನೆಯ ಹೆಸರು, ಕೆಲವೊಮ್ಮೆ ಇಸವಿ ಇರುತ್ತದೆ.

*ರಸ್ತೆಯ ಬಾಗು.* ನೇರ ರಸ್ತೆಗಳ ನಡುವೆ ಒಂದೇ ಒಂದು ಬಳಸಿಕೊಂಡು ಹೋಗುತ್ತಿದ್ದರೆ ನಿಲ್ಲಿ. ಬಾಗಿದ ಬೀದಿಗೆ ಸಾಮಾನ್ಯವಾಗಿ ಕಾರಣ ಇರುತ್ತದೆ: ಮುಚ್ಚಿಹೋದ ಹಳ್ಳ, ಹಳೇ ಗೋಡೆ, ಕೆರೆಯ ಏರಿ, ಯಾವುದೋ ಕಾಲದ ಕಾಲುದಾರಿ. ಮೂಲೆಯಲ್ಲಿ ತ್ರಿಕೋನಾಕಾರದ ಕಟ್ಟಡ ಇದ್ದರೆ ಅಲ್ಲಿ ಹಳೇ ದಾರಿಯನ್ನು ಹೊಸದು ಓರೆಯಾಗಿ ಕತ್ತರಿಸಿರಬಹುದು. ಮಳೆ ಬಂದ ಮಾರನೇ ದಿನ ಹೋದರೆ ನೀರು ನಿಂತ ಜಾಗವೇ ತಗ್ಗು ಎಲ್ಲಿತ್ತು ಅಂತ ಹೇಳುತ್ತದೆ.

*ಬೀದಿಯ ಹೆಸರು.* ಕೆರೆ ಇಲ್ಲದ ಕೆರೆ ಬೀದಿ, ಬಾಗಿಲೇ ಇಲ್ಲದ ಬಾಗಿಲ ರಸ್ತೆ. ವಸ್ತು ಹೋಗಿರುತ್ತದೆ, ಹೆಸರು ಉಳಿದಿರುತ್ತದೆ. ಇಂಥ ಹೆಸರು ಸಿಕ್ಕರೆ ಪುಸ್ತಕದಲ್ಲಿ ಬರೆದುಕೊಳ್ಳಿ, ಹಂತ 7ರಲ್ಲಿ ಬೇಕು.

*ಮರ.* ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನಗೆ ಈ ಕೆಲಸ ಕಲಿಸಿದ್ದೇ ಒಂದು ಮರ. ನಾನು ವರ್ಷಗಟ್ಟಲೆ ಅದರ ಪಕ್ಕ ಗಾಡಿ ಓಡಿಸಿದ್ದೆ. ಒಂದು ಬೆಳಿಗ್ಗೆ ಅದರ ಬುಡದಲ್ಲಿ ಕೂತು ಶೂ ಲೇಸ್ ಕಟ್ಟುವಾಗ ಕಣ್ಣಿಗೆ ಬಿತ್ತು, ಸೊಂಟದ ಎತ್ತರದಲ್ಲಿ, ಕಾಂಡದೊಳಗೆ ಹೂತುಹೋದ ಒಂದು ತಗಡಿನ ಫಲಕ. ನಾಲ್ಕೂ ಅಂಚನ್ನು ತೊಗಟೆ ದಪ್ಪ ತುಟಿಯ ಹಾಗೆ ಮುಚ್ಚಿಕೊಂಡಿತ್ತು. ನಡುವೆ ಅಂಗೈಯಷ್ಟು ನೀಲಿ ಬಣ್ಣ ಉಳಿದಿತ್ತು. ಎರಡು ಅಕ್ಷರ, ಒಂದು ಬಾಣದ ತುದಿ. ಫಲಕವನ್ನು ಯಾರೂ ಸೊಂಟದ ಎತ್ತರಕ್ಕೆ ಹೊಡೆಯುವುದಿಲ್ಲ, ಅಲ್ವಾ? ಮರ ಬೆಳೆದಾಗ ಮೊಳೆಯೂ ಮೇಲೆ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ, ಅದು ತಪ್ಪು. ಮರ ಎತ್ತರವಾಗುವುದು ಕೊಂಬೆಗಳ ತುದಿಯಲ್ಲಿ. ಕಾಂಡ ದಪ್ಪವಾಗುತ್ತದೆ, ಅಷ್ಟೇ. ಹೊಡೆದ ಮೊಳೆ ಹೊಡೆದ ಎತ್ತರದಲ್ಲೇ ಇರುತ್ತದೆ. ಅಂದರೆ ಮೇಲೆ ಬಂದಿದ್ದು ನೆಲ. ತಿರುಗಿ ಎದುರು ಬದಿ ನೋಡಿದೆ, ಅಲ್ಲಿನ ಹಳೇ ಮನೆಗೆ ಎರಡು ಮೆಟ್ಟಿಲು ಇಳಿದು ಹೋಗಬೇಕಾಗಿತ್ತು. ಬಾಣದ ತುದಿ ತೋರಿಸುತ್ತಿದ್ದ ಕಡೆ ಬರೀ ಒಂದು ಗೋಡೆ. ಆ ಗೋಡೆ ಸುತ್ತಿ ಹಿಂದೆ ಹೋದಾಗ ಕಲ್ಲು ಹಾಸಿದ ಓಣಿಯೊಂದು ಹಾಗೇ ಇತ್ತು, ಎರಡೂ ಕಡೆ ಗಿಡ ಬೆಳೆದು. ಒಂದು ಫಲಕ, ಒಂದು ಹೊಸ್ತಿಲು, ಒಂದು ಗೋಡೆ. ಮೂರೂ ಐವತ್ತು ಹೆಜ್ಜೆಯೊಳಗೆ ಇದ್ದವು.

ಹೀಗೆ ಒಂದು ಗುರುತು ಸಿಕ್ಕರೆ ಅಲ್ಲಿಗೇ ನಿಲ್ಲಬೇಡಿ, ಅದನ್ನು ಖಚಿತ ಮಾಡುವ ಇನ್ನೊಂದನ್ನು ಹತ್ತಿರದಲ್ಲೇ ಹುಡುಕಿ. ಒಂದೇ ಗುರುತಿನಿಂದ ಕಥೆ ಕಟ್ಟಿದರೆ ತಪ್ಪುತ್ತದೆ.

ಈಗ ಟಾರ್ಚಿನ ವಿಷಯ. ಸವೆದ ಕಲ್ಲಿನ ಮೇಲೆ ಅಕ್ಷರ ಇದೆಯೇನೋ ಅನ್ನಿಸಿದರೆ ನೇರವಾಗಿ ಬೆಳಕು ಬಿಡಬೇಡಿ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಮ್ಮಿ ಕಲ್ಲಿಗೆ ತಾಗುವ ಹಾಗೆ ಹಿಡಿದು ಓರೆಯಾಗಿ ಬೆಳಕು ಹಾಯಿಸಿ, ನಿಮ್ಮ ಮೈಯಿಂದ ಅದಕ್ಕೆ ನೆರಳು ಕೊಡಿ. ನಿಧಾನವಾಗಿ ಟಾರ್ಚನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಆಡಿಸಿ. ಬೆರಳಿಗೂ ಸಿಗದ ಗೀರು ನೆರಳಾಗಿ ಎದ್ದು ಬರುತ್ತದೆ. ಓದಲು ಅನುಕೂಲ ಆಗಲಿ ಅಂತ ಸೀಮೆಸುಣ್ಣ ಬಳಿಯುವುದು, ಕಡ್ಡಿಯಿಂದ ಕೆರೆಯುವುದು ಯಾವತ್ತೂ ಬೇಡ. ಕಲ್ಲು ಹಾಳಾಗುತ್ತದೆ, ಮುಂದೆ ಓದಬಲ್ಲವರು ಬಂದಾಗ ಓದಲು ಏನೂ ಉಳಿಯುವುದಿಲ್ಲ. ಇದರ ಬಗ್ಗೆ ನನಗೆ ಬಹಳ ಸಂಕಟ ಇದೆ, ಹಾಗಾಗಿ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಪ್ರತಿ ಇಪ್ಪತ್ತು ನಿಮಿಷಕ್ಕೆ ಒಮ್ಮೆ ನಿಂತು ಹಿಂದೆ ತಿರುಗಿ ಬಂದ ದಾರಿ ನೋಡಿ. ದಿಕ್ಕು ತಪ್ಪದಿರಲು ಇದು ಬೇಕು, ಮತ್ತೆ ಬರುವಾಗ ಬೆನ್ನಿಗಿದ್ದದ್ದು ಆಗ ಕಾಣುತ್ತದೆ.

ಹಂತ 7: ಜನರನ್ನು ಕೇಳಿ

"ಇಲ್ಲಿ ನೋಡೋಕೆ ಏನಿದೆ?" ಅಂತ ಕೇಳಿದರೆ ಎಲ್ಲಾ ಊರಲ್ಲೂ ಒಂದೇ ಉತ್ತರ: "ಏನೂ ಇಲ್ಲ." ಅವರೂ ನಿಮ್ಮ ಹಾಗೇ ಅಲ್ಲಿನವರು, ಅವರ ಕಣ್ಣಿಗೂ ಅದು ಬೀಳುವುದಿಲ್ಲ.

ಬೆರಳು ತೋರಿಸಿ ಕೇಳಬಹುದಾದಂಥ ಪ್ರಶ್ನೆ ಕೇಳಿ. ಆ ಬಾಗಿಲು ಯಾಕೆ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ? ಈ ಬೀದಿಗೆ ಈ ಹೆಸರು ಯಾಕೆ ಬಂತು? ನೀವು ಚಿಕ್ಕವರಿದ್ದಾಗ ಈ ಖಾಲಿ ಜಾಗದಲ್ಲಿ ಏನಿತ್ತು? ಕೈಯಲ್ಲಿರುವ ಪ್ರಿಂಟ್ ನಕ್ಷೆ ಬಿಚ್ಚಿ ತೋರಿಸಿದರೆ ಇನ್ನೂ ಒಳ್ಳೆಯದು. ಫೋನ್ ತೋರಿಸಿದರೆ ಜನ ಹಿಂಜರಿಯುತ್ತಾರೆ, ಕಾಗದ ಬಿಚ್ಚಿದರೆ ಹತ್ತಿರ ಬಂದು ಬೆರಳಿಡುತ್ತಾರೆ.

ಇಸವಿ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ, ಬಾಯಿಗೆ ಬಂದದ್ದು ಹೇಳುತ್ತಾರೆ. "ನಿಮ್ಮ ಮದುವೆಗೆ ಮುಂಚೆನಾ, ಆಮೇಲಾ?" "ದೊಡ್ಡ ಮಗ ಶಾಲೆಗೆ ಹೋಗ್ತಿದ್ದಾಗ ಇತ್ತಾ?" ಅಂತ ಕೇಳಿ. ಬದುಕಿನ ಘಟನೆಗೆ ಕಟ್ಟಿದ ಕಾಲ ಬಹಳ ಮಟ್ಟಿಗೆ ಸರಿಯಾಗಿರುತ್ತದೆ. ಒಂದೇ ವಿಷಯವನ್ನು ಇಬ್ಬರನ್ನು, ಬೇರೆ ಬೇರೆಯಾಗಿ ಕೇಳಿ. ಇಬ್ಬರ ಮಾತೂ ಹೊಂದದಿದ್ದರೆ ಎರಡನ್ನೂ ಬರೆದುಕೊಳ್ಳಿ, ಅಲ್ಲೇ ತೀರ್ಪು ಕೊಡಬೇಡಿ.

ನೀವು ಅದೇ ಊರಿನವರು ಅನ್ನುವುದನ್ನು ಮುಚ್ಚಿಡಬೇಡಿ. ಪ್ರವಾಸಿಯ ಕಣ್ಣು ಬೇಕು, ಪ್ರವಾಸಿಯ ವೇಷ ಬೇಡ. ಸುಳ್ಳು ಹೇಳಿದರೆ ಮಾತು ಮುಂದೆ ಹೋದ ಹಾಗೆ ಸಿಕ್ಕಿಬೀಳುತ್ತೀರಿ, ಆ ಬೀದಿಗೆ ಮತ್ತೆ ಹೋಗಲು ಮುಜುಗರ ಆಗುತ್ತದೆ. ಫೋಟೋ ತೆಗೆಯುವ ಮುಂಚೆ ಕೇಳಿ, ಮಕ್ಕಳ ಫೋಟೋ ತೆಗೆಯಬೇಡಿ.

ಹಂತ 8: ಒಂದು ಒಳಾಂಗಣ, ಒಂದು ಗಂಟೆ

ಬಿಸಿಲು ನೆತ್ತಿಗೆ ಬಂದಾಗ ಗ್ರಂಥಾಲಯಕ್ಕೋ ಮ್ಯೂಸಿಯಂಗೋ ಹೋಗಿ. ಎರಡಕ್ಕೂ ಬೇಡ. ಮ್ಯೂಸಿಯಂ ಆದರೆ ಒಂದೇ ಕೋಣೆ. ಅಲ್ಲಿ ನಿಂತು ನಿಂತು ಆಗುವ ದಣಿವು ಎಷ್ಟು ಹಳೇ ಸಮಸ್ಯೆ ಅಂದರೆ, ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬ ಮ್ಯೂಸಿಯಂ ಅಧಿಕಾರಿ 1916ರಲ್ಲೇ ಅದನ್ನು 'ಮ್ಯೂಸಿಯಂ ದಣಿವು' ಅಂತ ಕರೆದು, ನೋಡುವವರು ಬಗ್ಗಿ ಎದ್ದು ಒದ್ದಾಡುವ ಫೋಟೋಗಳನ್ನೇ ಪ್ರಕಟಿಸಿದ್ದರು. ಗ್ರಂಥಾಲಯ ಆದರೆ ನಿಮ್ಮ ಚೌಕದ ಹಳೇ ನಕ್ಷೆ, ಹಳೇ ಫೋಟೋ ಇದೆಯಾ ಅಂತ ಮಾತ್ರ ಕೇಳಿ.

ಎರಡೂ ಇಲ್ಲದ ಊರಾದರೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆಗೆಯಿರಿ. ಅದರಲ್ಲಿ ಹಳೇ ಉಪಗ್ರಹ ಚಿತ್ರಗಳನ್ನು ಹಿಂದಕ್ಕೆ ಸರಿಸಿ ನೋಡಬಹುದು. ಬೆಳಿಗ್ಗೆ ನೀವು ನಿಂತಿದ್ದ ಮೈದಾನ ಹಿಂದೆ ಏನಾಗಿತ್ತು ಅಂತ ಕಣ್ಣಾರೆ ಕಾಣುತ್ತದೆ. ಆದರೆ ಇದನ್ನು ನಡಿಗೆ ಆದ ಮೇಲೆ ಮಾಡಿ. ಮೊದಲೇ ನೋಡಿದರೆ ನೀವು ಬೀದಿಯಲ್ಲಿ ಹುಡುಕುವುದು ಪರದೆಯ ಮೇಲೆ ಕಂಡದ್ದನ್ನೇ.

ಕೆಡುತ್ತಿದೆ ಅನ್ನುವ ಲಕ್ಷಣಗಳು

ನಡುವೆ ಒಮ್ಮೆ ನಿಂತು ಇವನ್ನು ಪರೀಕ್ಷಿಸಿಕೊಳ್ಳಿ.

ಒಂದು ಗಂಟೆಯಲ್ಲಿ ಪುಸ್ತಕದಲ್ಲಿ ಒಂದು ಸಾಲೂ ಬರೆದಿಲ್ಲ, ಆದರೆ ನಲವತ್ತು ಫೋಟೋ ತೆಗೆದಿದ್ದೀರಿ. ಫೋನನ್ನು ಚೀಲದ ತಳಕ್ಕೆ ಹಾಕಿ, ಕೊನೆಗೆ ಕಂಡ ಒಂದು ವಸ್ತುವನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿ. ಎಷ್ಟು ಕೆಟ್ಟದಾಗಿ ಬಂದರೂ ಸರಿ, ಕಣ್ಣು ವಾಪಸ್ ಬರುತ್ತದೆ.

"ಇದು ಗೊತ್ತಿರೋದೇ" ಅಂತ ಮನಸ್ಸು ಪದೇ ಪದೇ ಹೇಳುತ್ತಿದೆ. ನೀವು ಗೊತ್ತಿಲ್ಲದೆ ಕೆಂಪು ಗೆರೆಗೆ ವಾಪಸ್ ಬಂದಿದ್ದೀರಿ. ನಕ್ಷೆ ತೆಗೆದು ನೋಡಿ, ಹತ್ತಿರದ ಬಿಳಿ ಜಾಗಕ್ಕೆ ತಿರುಗಿ.

ಪರಿಚಯದವರು ಸಿಕ್ಕಿ ಅರ್ಧ ಗಂಟೆ ಆಯಿತು. "ಸಂಜೆ ಫೋನ್ ಮಾಡ್ತೀನಿ" ಅಂದು ಹೊರಡಿ.

ಯಾರನ್ನೂ ಮಾತಾಡಿಸಬೇಕು ಅನ್ನಿಸುತ್ತಿಲ್ಲ, ಎಲ್ಲದರ ಮೇಲೂ ಸಿಡುಕು ಬರುತ್ತಿದೆ. ಬಾಯಾರಿಕೆ, ಹಸಿವು, ಇಲ್ಲವೇ ಬಿಸಿಲು. ನೆರಳಿಗೆ ಹೋಗಿ. ತಲೆ ನೋವು, ತಲೆ ಸುತ್ತು ಇದ್ದರೆ ಆ ದಿನದ ಕೆಲಸ ಅಲ್ಲಿಗೇ ಮುಗಿಸಿ, ಚೌಕ ಎಲ್ಲೂ ಓಡಿಹೋಗುವುದಿಲ್ಲ.

ಇನ್ನು ಅಪಾಯದ ಮಾತು. ಪಾಳುಬಿದ್ದ ಕಟ್ಟಡದೊಳಗೆ ಕಾಲಿಡಬೇಡಿ, ಬಾಗಿಲು ತೆರೆದಿದ್ದರೂ. ಗಿಡ ಮುಚ್ಚಿಕೊಂಡ ಬಾವಿ, ಕಟ್ಟೆಗಳ ಅಂಚಿಗೆ ಹೋಗಬೇಡಿ. ಮಿಲಿಟರಿ, ಪೊಲೀಸ್, ವಿದ್ಯುತ್ ಸ್ಥಾವರ ಇರುವ ಕಡೆ ಫೋಟೋ ಬೇಡ. ಖಾಸಗಿ ಜಾಗ ಅಂತ ಅನುಮಾನ ಬಂದರೆ ಹೊರಗಿನಿಂದಲೇ ಕೂಗಿ ಕೇಳಿ. ಓಣಿಯಲ್ಲಿ ಯಾರಾದರೂ ಬೇಡ ಅಂದರೆ ವಾದ ಮಾಡದೆ ವಾಪಸ್ ಬನ್ನಿ. ಅದು ಅವರ ಮನೆಯ ಮುಂದಿನ ಜಾಗ.

ಹಂತ 9: ಅದೇ ರಾತ್ರಿ ಬರೆಯಿರಿ

ನಾಳೆ ಬರೆಯುತ್ತೇನೆ ಅಂದರೆ ಮುಗೀತು. ಮಲಗುವ ಮುಂಚೆ ಇನ್ನೊಂದು ಹಾಳೆ ತೆಗೆದುಕೊಂಡು ಆ ಚೌಕವನ್ನು ಮಾತ್ರ ನೆನಪಿನಿಂದ ಬಿಡಿಸಿ. ಹಂತ 1ರ ಹಾಳೆ ಪಕ್ಕದಲ್ಲಿಡಿ. ಮೊದಲು ಒಂದೇ ಗೆರೆ ಇದ್ದ ಕಡೆ ಈಗ ಓಣಿ, ತಿರುವು, ಮರ, ಮೆಟ್ಟಿಲು ಬಂದಿದ್ದರೆ ಕೆಲಸ ಆಗಿದೆ. ಏನೂ ವ್ಯತ್ಯಾಸ ಇಲ್ಲದಿದ್ದರೆ ನೀವು ವೇಗವಾಗಿ ನಡೆದಿದ್ದೀರಿ. ಅದೇ ಚೌಕಕ್ಕೆ, ಬೇರೆ ಹೊತ್ತಿಗೆ, ಅರ್ಧದಷ್ಟು ದೂರ ಮಾತ್ರ ಮತ್ತೆ ಹೋಗಿ. ಹೊಸ ಚೌಕಕ್ಕೆ ಹಾರಬೇಡಿ.

ಉತ್ತರ ಸಿಗದ ಮೂರು ಪ್ರಶ್ನೆ ಬರೆದಿಡಿ. ಮುಂದಿನ ಸಲ ಹೋಗಲು ಅದೇ ನೆಪ. ನಕ್ಷೆಯಲ್ಲಿ ಇಲ್ಲದ ಓಣಿ, ಬಾವಿ, ಮೆಟ್ಟಿಲು ಸಿಕ್ಕಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸಿ. 2004ರಲ್ಲಿ ಶುರುವಾದ ಆ ನಕ್ಷೆಯನ್ನು ನಿಮ್ಮಂಥ ಸಾಮಾನ್ಯ ಜನರೇ ಬರೆಯುತ್ತಾ ಬಂದಿದ್ದಾರೆ. ಖಾತೆ ತೆರೆಯಲು ಐದು ನಿಮಿಷ ಸಾಕು. ಕಣ್ಣಾರೆ ಕಂಡದ್ದನ್ನು ಮಾತ್ರ ಸೇರಿಸಿ, ಬೇರೆ ನಕ್ಷೆಯಿಂದ ನಕಲು ಮಾಡಬೇಡಿ.

ಹಂತ 10: ಹೊರಗಿನವರನ್ನು ಕರೆದುಕೊಂಡು ಹೋಗಿ

ಎರಡು ಮೂರು ಚೌಕ ಮುಗಿದ ಮೇಲೆ ಇದನ್ನು ಮಾಡಿ, ಮುಂಚೆ ಬೇಡ. ನ್ಯೂಯಾರ್ಕಿನಲ್ಲಿ 1992ರಲ್ಲಿ ಒಂದು ಕೆಲಸ ಶುರುವಾಯಿತು: ಊರಿನವರೇ ಬಂದವರನ್ನು ತಮ್ಮ ಬಡಾವಣೆಗೆ ಪುಕ್ಕಟೆಯಾಗಿ ನಡೆಸಿಕೊಂಡು ಹೋಗಿ ತೋರಿಸುವುದು. ಆಮೇಲೆ ಬೇರೆ ಬೇರೆ ದೇಶಗಳ ಊರುಗಳಿಗೂ ಅದು ಹಬ್ಬಿತು. ಟೊರಾಂಟೊದಲ್ಲಿ 2007ರಲ್ಲಿ, ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ ಅವರ ನೆನಪಿಗೆ ಶುರುವಾದ ಬೀದಿ ನಡಿಗೆಗಳೂ ಹೀಗೇ, ಪ್ರತಿ ವರ್ಷ ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ ಬೇರೆ ಬೇರೆ ಊರುಗಳಲ್ಲಿ ಜನರೇ ನಡೆಸುತ್ತಾರೆ.

ನಿಮಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಮನೆಗೆ ಬಂದ ನೆಂಟರೊಬ್ಬರು ಸಾಕು. ಒಂದು ಗಂಟೆ, ಒಂದೂವರೆ ಕಿಲೋಮೀಟರ್, ಐದು ನಿಲುಗಡೆ. ಪ್ರತಿ ನಿಲುಗಡೆಯಲ್ಲೂ ಮೊದಲು ನೀವು ಮಾತಾಡಬೇಡಿ, ಅವರಿಗೆ ಏನು ಕಾಣುತ್ತದೆ ಅಂತ ಕೇಳಿ, ಆಮೇಲೆ ನಿಮಗೆ ಗೊತ್ತಿರುವುದನ್ನು ಹೇಳಿ. ನಡುವೆ ಅವರು ತಾವಾಗೇ ಎಲ್ಲಾದರೂ ನಿಂತು, "ಇದೇನಿದು?" ಅಂತ ಕೇಳಿದರೆ, ಅದು ನಿಮ್ಮ ಹಾಳೆಯ ಮೇಲೆ ಇಲ್ಲದ್ದಾದರೆ, ಅಲ್ಲೇ ಪೆನ್ಸಿಲ್ಲಿನಿಂದ ಒಂದು ಗುಂಡು ಸುತ್ತಿಟ್ಟುಕೊಳ್ಳಿ. ಮುಂದಿನ ಚೌಕ ಅಲ್ಲಿಂದ ಎಳೆಯಿರಿ.